ಮಾವ ಕೊಟ್ಟ 1974ರ ಫೆಂಡರ್ ಗಿಟಾರ್ ಆಂಪ್: ಮಾಡ್ (ಒಳಗಿನ ಬದಲಾವಣೆ) ಮಾಡಿಸಲೋ, ಇದ್ದ ಹಾಗೇ ಬಿಡಲೋ?

ಜಯನಗರ_ಜ್ಯಾಮ್

ಎಲ್ಲರಿಗೂ ನಮಸ್ಕಾರ. ಒಂದು ತಲೆನೋವು ತಂದಿದ್ದೇನೆ, ಸ್ವಲ್ಪ ದೊಡ್ಡದೇ. ತೂಕವೇ ಸುಮಾರು 19 ಕೆಜಿ.

ನನ್ನ ಸೋದರಮಾವ 1978ರಲ್ಲಿ ಓದಲು ಓಹಾಯೋಗೆ ಹೋಗಿದ್ದರು. ಅಲ್ಲಿ ಯಾರಿಂದಲೋ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಫೆಂಡರ್ ಡಿಲಕ್ಸ್ ರಿವರ್ಬ್ ಕೊಂಡರು. ವಾಪಸ್ ಬರುವಾಗ ಸಾಮಾನಿನ ಜೊತೆ ಅದನ್ನೂ ತಂದರು. ಆಮೇಲೆ ಮದುವೆ, ಮಕ್ಕಳು, ಬ್ಯಾಂಕ್ ಲೋನ್. ಆಂಪ್ ಅಟ್ಟ ಸೇರಿತು, ಹಳೆ ಜಮಖಾನದೊಳಗೆ. ಹೋದ ತಿಂಗಳು ಮನೆ ಖಾಲಿ ಮಾಡುವಾಗ "ಬೇಕಾದ್ರೆ ತಗೊಂಡು ಹೋಗು, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ" ಅಂದರು. ಗುಜರಿ ಅನ್ನೋ ಮಾತು ಕೇಳಿ ಎದೆ ಧಸಕ್ ಅಂತು. ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ತಂದೆ.

ಬೆಳ್ಳಿ ಬಣ್ಣದ ಪ್ಯಾನೆಲ್, ನೀಲಿ ಅಕ್ಷರ, 12 ಇಂಚಿನ ಒಂದು ಸ್ಪೀಕರ್, ಹಿಂದೆ ಸಾಲಾಗಿ ವಾಲ್ವ್‌ಗಳು, ಕೊನೆಯ ಕಡೆ ಎರಡು 6ವಿ6 (ಪವರ್ ವಾಲ್ವ್). ಒಂದು ಪಾಟ್ (ನಾಬ್ ಹಿಂದಿನ ಕಂಟ್ರೋಲ್) ಮೇಲೆ 1377431 ಅಂತ ಒತ್ತಿದ್ದಾರೆ. 137 ಅಂದರೆ ಸಿಟಿಎಸ್ ಕಂಪನಿ, 74ನೇ ಇಸವಿ, 31ನೇ ವಾರ ಅಂತ ಓದಿಕೊಂಡೆ. ಮಾವನಿಗೆ ಯಾವತ್ತೂ ಬಿಚ್ಚಿಸಿದ ನೆನಪಿಲ್ಲವಂತೆ. ಅಂದ್ರೆ ಪೂರ್ತಿ ಒರಿಜಿನಲ್.

ಎಸ್‌ಪಿ ರೋಡಿನಿಂದ 230 ರಿಂದ 110 ವೋಲ್ಟ್ ಮಾಡುವ ಡಬ್ಬ ತಂದು ಹಾಕಿದೆ. ಉರಿಯಿತು! ಹತ್ತು ನಿಮಿಷ ಸ್ವರ್ಗ. ಆಮೇಲೆ ಗುಂಯ್ ಶುರು. ಜೋರಾಗಿ ನುಡಿಸಿದರೆ ಸ್ವರದ ಕೆಳಗೆ ಇನ್ನೊಂದು ಬೇಸೂರಿನ ಸ್ವರ ಕೇಳಿಸುತ್ತದೆ, ದೆವ್ವ ಗುನುಗಿದ ಹಾಗೆ.

ಈಗ ನಮ್ಮ ಬ್ಯಾಂಡಿನ ಹುಡುಗ ಒಬ್ಬ ಹೇಳುತ್ತಿದ್ದಾನೆ: "ಹೇಗೂ ಬಿಚ್ಚಿಸ್ತೀಯ, ಮಾಸ್ಟರ್ ವಾಲ್ಯೂಮ್ ಹಾಕಿಸು, ಮಿಡ್ ಕಂಟ್ರೋಲ್ ಹಾಕಿಸು, 6ವಿ6 ತೆಗೆದು 6ಎಲ್6 ಹಾಕು, ಡಬಲ್ ಪವರ್." ಇನ್ನೊಬ್ಬ ಹೇಳುತ್ತಾನೆ: "ಒಂದು ಸ್ಕ್ರೂ ಮುಟ್ಟಿದರೂ ಬೆಲೆ ಅರ್ಧ ಆಗುತ್ತೆ." ಯಾರ ಮಾತು ಕೇಳಲಿ?

ಫೋಟೋ ಹಾಕಿದ್ದೇನೆ, ಮುಂದೆ ಹಿಂದೆ ಎರಡೂ.

ಬೆಸುಗೆ_ಬಂಟ

ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಆ ಗುಂಯ್, ಆ ದೆವ್ವದ ಸ್ವರ, ಎರಡೂ ಫಿಲ್ಟರ್ ಕೆಪಾಸಿಟರ್ ಒಣಗಿರುವುದರ ಲಕ್ಷಣ. ಐವತ್ತು ವರ್ಷದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಅವು. ಅವುಗಳ ಆಯಸ್ಸು ಹದಿನೈದು ಇಪ್ಪತ್ತು ವರ್ಷ. ಷಾಸಿಯ (ಒಳಗಿನ ಲೋಹದ ಚೌಕಟ್ಟಿನ) ಮೇಲೆ ಒಂದು ತಗಡಿನ ಮುಚ್ಚಳ ಇರುತ್ತದೆ ನೋಡಿ, ಅದರ ಕೆಳಗೆ ಐದು ಕೂತಿವೆ. ಒಂದು ಶಾರ್ಟ್ ಆದರೆ ರೆಕ್ಟಿಫೈಯರ್ ವಾಲ್ವ್ ಹೋಗುತ್ತೆ, ಗ್ರಹಚಾರ ಕೆಟ್ಟರೆ ಪವರ್ ಟ್ರಾನ್ಸ್‌ಫಾರ್ಮರ್ ಕೂಡ. ಆಗ ಒರಿಜಿನಲ್ ಅಂತ ಉಳಿಯೋದು ಪೆಟ್ಟಿಗೆ ಮಾತ್ರ.

ಮತ್ತೆ, ನೀವೇ ಬಿಚ್ಚೋಕೆ ಹೋಗಬೇಡಿ. ಒಳಗೆ 400 ವೋಲ್ಟ್‌ಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತರೂ ಕೆಪಾಸಿಟರ್ ಚಾರ್ಜ್ ಹಿಡಿದುಕೊಂಡೇ ಇರುತ್ತದೆ. ನನಗೆ ಒಮ್ಮೆ ಹೊಡೆದಿದೆ. ಸ್ಕ್ರೂಡ್ರೈವರ್ ಎದುರು ಗೋಡೆಗೆ ಹೋಗಿ ಬಿತ್ತು, ನಾನು ಸ್ಟೂಲ್ ಸಮೇತ ಹಿಂದಕ್ಕೆ.

ಕ್ಲೀನ್‌ಟೋನ್_ಕಿಟ್ಟಿ

ರಿಪೇರಿ ಸರಿ, ಒಪ್ಪುತ್ತೇನೆ. ಆದರೆ "ಸ್ಟಾಕ್ ಸ್ಟಾಕ್", ಅಂದ್ರೆ ಕಂಪನಿಯಿಂದ ಬಂದ ಹಾಗೇ ಇರಲಿ, ಅಂತ ಜಪ ಮಾಡುವವರಿಗೆ ಒಂದು ಮಾತು. ಮಾಡ್ ಮಾಡುವವರು ಇಲ್ಲದಿದ್ದರೆ ನಿಮ್ಮ ಅರ್ಧ ಹೀರೋಗಳಿಗೆ ಸೌಂಡೇ ಇರುತ್ತಿರಲಿಲ್ಲ. ಮಾರ್ಷಲ್ ಜೆಟಿಎಂ45 ಆಂಪ್ ಏನು? 1962ರಲ್ಲಿ ಲಂಡನ್ನಿನಲ್ಲಿ ಫೆಂಡರ್ ಬೇಸ್‌ಮನ್ ಎದುರಿಗಿಟ್ಟುಕೊಂಡು, ಅಲ್ಲಿ ಸಿಗುವ ಪಾರ್ಟ್ ಹಾಕಿ ಮಾಡಿದ್ದು. ಮೆಸಾ ಬೂಗಿ ಆಂಪ್ ಹುಟ್ಟಿದ್ದು ಹೇಗೆ? ರ‍್ಯಾಂಡಲ್ ಸ್ಮಿತ್ ಪುಟ್ಟ ಫೆಂಡರ್ ಪ್ರಿನ್ಸ್‌ಟನ್‌ಗಳನ್ನು ಬಿಚ್ಚಿ ಒಳಗೆ ರಾಕ್ಷಸನನ್ನು ಕೂರಿಸಿದ್ದರಿಂದ. ವಾಕ್ಸ್ ಎಸಿ30 ಆಂಪ್‌ನ ಟಾಪ್ ಬೂಸ್ಟ್ (ಟ್ರೆಬಲ್ ಏರಿಸುವ ಸರ್ಕ್ಯೂಟ್) ಕೂಡ ಮೊದಲು ಹಿಂಬದಿಗೆ ಸೇರಿಸುತ್ತಿದ್ದ ಎಕ್ಸ್‌ಟ್ರಾ ಭಾಗ. ಇವತ್ತು ಅದೇ "ಒರಿಜಿನಲ್".

ಆಂಪ್ ಇರೋದು ನುಡಿಸೋಕೆ. ಷೋಕೇಸ್‌ಗೆ ಅಲ್ಲ.

ಎಡಿಸನ್_ಕನ್ನಡಿಗ

ಕಿಟ್ಟಿ ಅವರೇ, ಹೇಳಿದ್ದೆಲ್ಲ ನಿಜ, ಆದರೆ ಒಂದು ವಿಷಯ ಜಾರಿತು. ಸ್ಮಿತ್ ಬಿಚ್ಚಿದಾಗ ಪ್ರಿನ್ಸ್‌ಟನ್ ಅಂಗಡಿಯಲ್ಲಿ ಸಿಗುವ ಮಾಮೂಲಿ ವಸ್ತು. ಕೆಟ್ಟರೆ ಇನ್ನೊಂದು ತರಬಹುದಿತ್ತು. ಮಾರ್ಷಲ್ ಅವರಂತೂ ಬೇಸ್‌ಮನ್ ಕೆಡಿಸಲೇ ಇಲ್ಲ, ನೋಡಿಕೊಂಡು ಹೊಸದು ಕಟ್ಟಿದರು. 1974ರ ಪೀಸ್‌ಗೆ ಇವತ್ತು ಡ್ರಿಲ್ ಇಡುವುದು ಬೇರೆ ಲೆಕ್ಕ.

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ವಾರದ ಕೊನೆಗೆ ಇಂಥವೇ ಆಂಪ್ ರಿಪೇರಿ ಮಾಡುವುದು ನನ್ನ ಹವ್ಯಾಸ. ನಾನು ಕಂಡಂತೆ ಹೇಳುತ್ತೇನೆ.

1965ರಲ್ಲಿ ಸಿಬಿಎಸ್ ಫೆಂಡರ್ ಕಂಪನಿಯನ್ನು ಕೊಂಡಿತು. ಅದಾದ ಮೇಲೆ, 1968ರ ಹೊತ್ತಿಗೆ ಬೆಳ್ಳಿ ಪ್ಯಾನೆಲ್ ಬಂತು. "ಬೆಳ್ಳಿ ಅಂದ್ರೆ ಕಳಪೆ, ಕಪ್ಪು ಪ್ಯಾನೆಲ್ ಕಾಲದ ಸರ್ಕ್ಯೂಟ್‌ಗೆ ತಿರುಗಿಸಿ" ಅಂತ ಎಲ್ಲರೂ ಹೇಳುತ್ತಾರೆ. ಫೆಂಡರ್‌ನ ಟ್ವಿನ್, ಬೇಸ್‌ಮನ್ ಆಂಪ್‌ಗಳ ವಿಷಯದಲ್ಲಿ ಅದಕ್ಕೆ ಸ್ವಲ್ಪ ಅರ್ಥ ಇದೆ. ಡಿಲಕ್ಸ್ ರಿವರ್ಬ್ ಮಾತ್ರ ಹೆಚ್ಚು ಬದಲಾಗಲಿಲ್ಲ. ಒಳಗಿರುವುದು ಬಹುಪಾಲು ಅದೇ ಹಳೆ ಎಬಿ763 ಸರ್ಕ್ಯೂಟ್. ಅದಕ್ಕೆ ಯಾರಾದರೂ "ಬ್ಲ್ಯಾಕ್‌ಫೇಸ್ ಮಾಡಿಕೊಡ್ತೀನಿ" ಅಂತ ದುಡ್ಡು ಕೇಳಿದರೆ ನಗುತ್ತಾ ಎದ್ದು ಬನ್ನಿ.

6ಎಲ್6 ಬಗ್ಗೆ: ಬೇಡವೇ ಬೇಡ. ಒಂದು 6ವಿ6ರ ಹೀಟರ್ 0.45 ಆಂಪಿಯರ್ ಎಳೆಯುತ್ತದೆ. 6ಎಲ್6 ಅದರ ಎರಡರಷ್ಟು, 0.9. ಎರಡು ವಾಲ್ವ್ ಸೇರಿ ಹೆಚ್ಚುವರಿ ಹೊರೆ ಎಲ್ಲ ಆ ಮುದಿ ಟ್ರಾನ್ಸ್‌ಫಾರ್ಮರ್ ತಲೆ ಮೇಲೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಹೊಂದುವುದಿಲ್ಲ. ಸಾಕೆಟ್ ಒಂದೇ ಆದ್ದರಿಂದ ಕೂರುತ್ತದೆ, ಅಷ್ಟೇ.

ಸುಮ್ನೆ_ಓದ್ತೀನಿ

"ಡಬಲ್ ಪವರ್" ಅಂದ ಹುಡುಗ ಬ್ಯಾಂಡಲ್ಲಿ ಏನು ನುಡಿಸ್ತಾನೆ? ಡ್ರಮ್ಸಾ?

ಜಯನಗರ_ಜ್ಯಾಮ್

ಹೇಗೆ ಗೊತ್ತಾಯ್ತು?

ಹಳೇರೇಡಿಯೋ

ಮಕ್ಕಳಾ, ನಾನು ಗಿಟಾರ್ ಮುಟ್ಟಿದವನಲ್ಲ. 1971ರಿಂದ ರೇಡಿಯೋ ರಿಪೇರಿ ಮಾಡಿಕೊಂಡು ಬಂದವನು. ಮರ್ಫಿ, ಫಿಲಿಪ್ಸ್, ಬುಷ್ ಎಲ್ಲ ಕೈಯಲ್ಲಿ ಹಾದುಹೋಗಿವೆ. ಹಾಕಿ ಒಂದು ನಿಮಿಷ ಕಾದರೆ ಹಸಿರು ಕಣ್ಣು ಬಿಟ್ಟು ಆಕಾಶವಾಣಿ ಬರುತ್ತಿತ್ತಲ್ಲ, ಆ ಕಾಲ. ನಿಮ್ಮ ಆಂಪ್ ಕೂಡ ಅದೇ ಜಾತಿ.

ಮುಖ್ಯ ವಿಷಯ ಯಾರೂ ಕೇಳಲಿಲ್ಲ. ಫೋಟೋದಲ್ಲಿ ಪ್ಲಗ್ ನೋಡಿದೆ. ಅಮೆರಿಕದ ಮೂರು ಪಿನ್ನಿನ ಪ್ಲಗ್, ಉರುಟು ಪಿನ್ ಕತ್ತರಿಸಿದ್ದಾರೆ. ಎರಡು ಪಿನ್ನಿನ ಡಬ್ಬಕ್ಕೆ ಹೋಗಲಿ ಅಂತ ಯಾರೋ ಕಟ್ಟಿಂಗ್ ಪ್ಲೇಯರ್ ಹಾಕಿದ್ದಾರೆ. ಅಂದ್ರೆ ನಿನ್ನ ಆಂಪ್‌ಗೆ ಅರ್ಥ್ ಇಲ್ಲ. ಹಿಂದೆ ಗ್ರೌಂಡ್ ಸ್ವಿಚ್ ಅಂತ ಒಂದಿದೆ ಅಲ್ವಾ? ಅದರ ಹಿಂದೆ ಒಂದು ಕೆಪಾಸಿಟರ್ ಮೇನ್ಸ್ ತಂತಿಯಿಂದ ಷಾಸಿಗೆ ಕೂತಿರುತ್ತದೆ. ಅದು ಶಾರ್ಟ್ ಆದರೆ ಮೇನ್ಸ್ ನೇರ ಷಾಸಿಗೆ, ಷಾಸಿಯಿಂದ ಗಿಟಾರ್ ತಂತಿಗೆ, ತಂತಿಯಿಂದ ನಿನ್ನ ಬೆರಳಿಗೆ. ಇನ್ನೊಂದು ಕೈ ಅಥವಾ ತುಟಿ ಮೈಕಿಗೆ ತಗುಲಿದರೆ ಮುಗೀತು. ಇಂಗ್ಲಿಷಿನವರು ಅದಕ್ಕೆ ಡೆತ್ ಕ್ಯಾಪ್ ಅಂತ ಸುಮ್ನೆ ಹೆಸರಿಟ್ಟಿಲ್ಲ.

ಆ ಡಬ್ಬ ಕೂಡ ನಂಬಬೇಡ. ಅದು ಆಟೋ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಒಳಗೆ ಒಂದೇ ಸುರುಳಿ, ಮೇನ್ಸ್‌ನಿಂದ ಬೇರ್ಪಡಿಸುವುದಿಲ್ಲ. ಮೂರು ಪಿನ್, ಅರ್ಥ್ ಮುಂದಕ್ಕೆ ಹೋಗುವ, 300 ವಿಎ ಮೇಲಿನ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸುತ್ತಿಸಿಕೋ. ಬೆಂಗಳೂರಿನಲ್ಲಿ ಹೇಳಿದ ಅಳತೆಗೆ ಸುತ್ತಿಕೊಡುವವರು ಇನ್ನೂ ಇದ್ದಾರೆ.

ಪ್ಲಗ್ ಬದಲಿಸಿದರೆ "ಒರಿಜಿನಲ್" ಹೋಗುತ್ತೆ ಅನ್ನುವವನು ನನ್ನ ಅಂಗಡಿಗೆ ಬರಲಿ.

ಜಯನಗರ_ಜ್ಯಾಮ್

ಅಂಕಲ್, ಈಗ ಟೆಸ್ಟರ್ ಇಟ್ಟು ನೋಡಿದೆ. ಷಾಸಿಗೆ ಇಟ್ಟರೆ ಮಿಣುಕ್ ಅಂತ ಉರಿಯಿತು. ಬೆವರಿಳಿಯಿತು.

ಹಳೇರೇಡಿಯೋ

ಪ್ಲಗ್ ಕಿತ್ತಿಡು ಅಂತ ಬಂಟ ಮೊದಲೇ ಹೇಳಿದ್ದನಲ್ಲ! ಮತ್ತೆ ಯಾಕೆ ಹಾಕಿದೆ?

ಮಾರಾಯ್ರೆ_ಮಂಗಳೂರು

ನಮ್ಮ ಕಡೆ ಇನ್ನೊಂದು ಸಮಸ್ಯೆ ಉಂಟು ಮಾರಾಯ್ರೆ. ಈ ಹಳೆ ಫೆಂಡರ್‌ಗಳ ಒಳಗೆ ಪಾರ್ಟ್ ಕೂರಿಸುವುದು ಕಪ್ಪು ಫೈಬರ್ ರಟ್ಟಿನ ಮೇಲೆ. ಅದು ತೇವ ಕುಡಿಯುತ್ತದೆ. ಕುಡಿದರೆ ರಟ್ಟೇ ಸಣ್ಣಗೆ ಕರೆಂಟ್ ಹರಿಸುತ್ತದೆ. ನನ್ನ ಹತ್ತಿರ ಒಂದು ಹಳೆ ಪ್ರಿನ್ಸ್‌ಟನ್ ಇತ್ತು. ಜೂನ್ ಬಂದರೆ ಸಾಕು, ಚರಚರ ಅಂತ ಶುರು, ಒಲೆಯ ಮೇಲೆ ಹಪ್ಪಳ ಕಾಯಿಸಿದ ಹಾಗೆ. ವಾಲ್ವ್ ಬದಲಿಸಿದೆ, ಪಾಟ್ ಕ್ಲೀನ್ ಮಾಡಿಸಿದೆ, ಏನೂ ಇಲ್ಲ. ಕೊನೆಗೆ ಒಬ್ಬರು ಮಲ್ಟಿಮೀಟರಿನ ಒಂದು ಮೊನೆಯನ್ನು ಷಾಸಿಗೆ, ಇನ್ನೊಂದನ್ನು ಬರೀ ರಟ್ಟಿಗೆ ಒತ್ತಿ ತೋರಿಸಿದರು. ಏನೂ ಇಲ್ಲದ ಜಾಗದಲ್ಲಿ ವೋಲ್ಟೇಜ್! ಹೇರ್ ಡ್ರೈಯರ್ ಹಿಡಿದು ಅರ್ಧ ಗಂಟೆ ಒಣಗಿಸಿದ ಮೇಲೆ ಸುಮ್ಮನಾಯಿತು. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕತೆ.

ನಾನು ರಟ್ಟನ್ನೇ ಬದಲಿಸಿದೆ. ಈಗ ಹೇಳಿ, ಅದು ರಿಪೇರಿಯಾ ಮಾಡಾ? ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಕೂತು ಮಾಡಿದವರಿಗೆ ಮಂಗಳೂರಿನ ಜುಲೈ ಗೊತ್ತಿರಲಿಲ್ಲ.

ಕ್ಲೀನ್‌ಟೋನ್_ಕಿಟ್ಟಿ

ನೋಡಿ! ಇದೇ ನನ್ನ ವಾದ. ರಟ್ಟು ಬದಲಿಸಿದರೆ ರಿಪೇರಿ, ನಾನು ಮಿಡ್ ಪಾಟ್ ಹಾಕಿದರೆ ಅಪರಾಧ. ಗೆರೆ ಎಲ್ಲಿ ಎಳೆಯುತ್ತೀರಿ?

ಎಡಿಸನ್_ಕನ್ನಡಿಗ

ನನ್ನ ಗೆರೆ ಸರಳ. ಮೊನ್ನೆ ಇದ್ದ ಹಾಗೆ ಒಂದು ಸಂಜೆಯಲ್ಲಿ ವಾಪಸ್ ಮಾಡಬಹುದಾ? ಮಾಡಬಹುದಾದರೆ ಏನು ಬೇಕಾದರೂ ಮಾಡಿ. ತೂತು ಕೊರೆಯಬೇಡಿ, ತೆಗೆದ ಪಾರ್ಟ್ ಎಸೆಯಬೇಡಿ.

ಉದಾಹರಣೆಗೆ ವೈಬ್ರೇಟೊ ಚಾನೆಲ್‌ನ ವಾಲ್ಯೂಮ್ ಪಾಟ್ ಮೇಲೆ ಒಂದು 47 ಪಿಕೋಫ್ಯಾರಡ್ ಕೆಪಾಸಿಟರ್ ಇದೆ. ಕಡಿಮೆ ವಾಲ್ಯೂಮ್‌ನಲ್ಲಿ ಗಿಟಾರ್ ಕಿವಿಗೆ ಚುಚ್ಚುವುದು ಅದರಿಂದ. ಒಂದು ಕಾಲು ಬಿಚ್ಚಿ ಹಾಗೇ ನಿಲ್ಲಿಸಿ, ಸಾಕು. ಬೇಡ ಅನಿಸಿದರೆ ಮತ್ತೆ ಸೋಲ್ಡರ್. ಮಿಡ್ ಕೂಡ ಅಷ್ಟೇ. ಅಲ್ಲಿ 6.8ಕೆ ರೆಸಿಸ್ಟರ್ ಇದೆ, ಅದನ್ನು 15ಕೆ ಮಾಡಿದರೆ ಮಿಡ್ ಏಳುತ್ತದೆ. ಪಾಟೂ ಬೇಡ, ತೂತೂ ಬೇಡ.

ಬೆಸುಗೆ_ಬಂಟ

ಒಂದು ಸಂಜೆಯಲ್ಲಿ ಅಂತ ಅಲ್ಲಿ ಕೂತು ಹೇಳುವುದು ಸುಲಭ ಸಾರ್. ಐವತ್ತು ವರ್ಷದ ರಟ್ಟಿನ ಐಲೆಟ್ (ಪಾರ್ಟ್ ಬೆಸೆಯುವ ಪುಟ್ಟ ಲೋಹದ ಉಂಗುರ) ಮೇಲೆ ನಾಲ್ಕು ಸಲ ಐರನ್ ಇಟ್ಟರೆ ಅದೇ ಕಿತ್ತುಕೊಂಡು ಬರುತ್ತದೆ. ನಮ್ಮ ಹುಡುಗರು ಇಡುವುದು ಟಿವಿ ರಿಪೇರಿಯ 60 ವಾಟ್ ಐರನ್, ಟಿಪ್ ನೋಡಿದರೆ ಬಲರಾಮನ ಗದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕೆಲಸ ಎಷ್ಟು ನೋಡಿದ್ದೇನೆ.

ಪಿಟೀಲು_ಪ್ರಿಯೆ

ನಾನು ಹೊರಗಿನವಳು, ಕರ್ನಾಟಕ ಸಂಗೀತದವಳು. ಆದರೂ ಮಾತು ತಡೆಯಲಾಗುತ್ತಿಲ್ಲ. ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಆಗ ಮೈಕ್ ಇಲ್ಲದ ಕಛೇರಿಗಳು, ಹಿಂದಿನ ಸಾಲಿಗೂ ಕೇಳಬೇಕಿತ್ತು. ಮಡಿವಂತರು ಸುಮ್ಮನಿದ್ದರಾ? ಇವತ್ತು ಮಲ್ಲೇಶ್ವರದಲ್ಲಿ ಅವರ ಹೆಸರಿನ ಹಾಲ್ ಪಿಟೀಲಿನ ಆಕಾರದಲ್ಲೇ ನಿಂತಿದೆ. ಇಷ್ಟಕ್ಕೂ ಪಿಟೀಲೇ ಪರದೇಶದ್ದು. ಯಾರ ಸ್ಟಾಕ್, ಯಾವ ಸ್ಟಾಕ್?

ಕ್ಲೀನ್‌ಟೋನ್_ಕಿಟ್ಟಿ

ಅಕ್ಕಾ, ಕಾಲಿಗೆ ಬಿದ್ದೆ 🙏

ಹುಬ್ಬಳ್ಳಿ_ಬ್ಲೂಸ್

ಅಕ್ಕಾರ, ಮಾತು ಚಂದ ಅದ, ಖರೆ ಇಲ್ಲಿಗೆ ಹೊಂದಂಗಿಲ್ಲ. ಚೌಡಯ್ಯನವರು ಏನು ಹುಡುಕ್ತಿದ್ರು ಅಂತ ಅವರಿಗೆ ಗೊತ್ತಿತ್ತು. ಈ ತಮ್ಮನಿಗೆ ತನ್ನ ಆಂಪ್ ಸರಿಯಾಗಿ ಕೇಳಿದ್ದೇ ಹತ್ತು ನಿಮಿಷ. ಅದೂ ಕೆಟ್ಟ ಕೆಪಾಸಿಟರ್ ಒಳಗಿಂದ. ಮೊದಲು ರಿಪೇರಿ ಮಾಡಿಸಿ ಆರು ತಿಂಗಳು ನುಡಿಸಪ್ಪಾ. ಆಮೇಲೆ ಏನು ಕಡಿಮೆ ಅದ ಅಂತ ಹೇಳು.

ನಾನು ಇದನ್ನ ಅನುಭವಿಸಿದವ. ಹತ್ತು ವರ್ಷದ ಹಿಂದೆ ಒಂದು ಟ್ವಿನ್ ರಿವರ್ಬ್ ಸಿಕ್ಕಿತ್ತು. ಬಂದ ವಾರದಲ್ಲೇ ಒಬ್ಬರ ಕೈಗೆ ಕೊಟ್ಟೆ, ಹೆಸರು ಬೇಡ. ಗೇನ್ ಜಾಸ್ತಿ ಬೇಕು ಅಂದೆ. ಅವರು ಒಂದು ವಾಲ್ವ್ ಎಕ್ಸ್‌ಟ್ರಾ ಸೇರಿಸಿದರು, ಮುಂದಿನ ಪ್ಯಾನೆಲ್‌ಗೆ ಎರಡು ತೂತು ಹೊಡೆದರು. ಮನೆಗೆ ತಂದು ಹಾಕಿದರೆ ಶಿಳ್ಳೆ. ಗಿಟಾರ್ ಇಲ್ಲದೆ ತಾನೇ ಹಾಡುತ್ತಿತ್ತು. ಮೂರು ವರ್ಷ ಆದಮೇಲೆ ಗೊತ್ತಾಯಿತು, ನನಗೆ ಬೇಕಿದ್ದ ಗೇನ್ ಒಂದು ಪೆಡಲ್‌ನಲ್ಲಿ ಸಿಗುತ್ತಿತ್ತು. ಕೊಳ್ಳಲು ಬಂದವರು ಆ ಎರಡು ತೂತಿನೊಳಗೆ ಬೆರಳಿಟ್ಟೇ ರೇಟು ಇಳಿಸಿದರು.

ಯಜ್ದಿ_ಸವಾರ

ನಮ್ಮಲ್ಲೂ ಇದೇ ಜಗಳ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಇಲ್ಲಿವರೆಗೂ "ಪಾಯಿಂಟ್ ಇಗ್ನಿಷನ್ ತೆಗೆದು ಎಲೆಕ್ಟ್ರಾನಿಕ್ ಹಾಕಲೋ ಬೇಡವೋ" ಅಂತ ಹೊಡೆದಾಡುತ್ತಿದ್ದೇವೆ. ನಾನು ಹಾಕಿಸಿದೆ. ಒಂದೇ ಕಿಕ್‌ಗೆ ಸ್ಟಾರ್ಟ್. ಹಳೆ ಪ್ಲೇಟ್ ಪೇಪರಿನಲ್ಲಿ ಸುತ್ತಿ ಟೂಲ್ ಬಾಕ್ಸ್‌ನಲ್ಲಿದೆ.

ಸುಮ್ನೆ_ಓದ್ತೀನಿ

ಬಂತಪ್ಪ ಯಜ್ದಿ. ಯಾವ ವಿಷಯ ಇದ್ದರೂ ಇವರು ಗಾಡಿ ತಂದು ನಿಲ್ಲಿಸ್ತಾರೆ.

ಯಜ್ದಿ_ಸವಾರ

ಫೋಟೋ ಹಾಕ್ಲಾ?

ಮೂರನೇ_ಮಹಡಿ

ವಾಲ್ವ್ ಎಲ್ಲಿ ಸಿಗುತ್ತೆ ಅನ್ನೋದೂ ಯೋಚಿಸಿ. ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲೇ ಒಂದು ಕಾಲಕ್ಕೆ ರೇಡಿಯೋ ವಾಲ್ವ್ ತಯಾರಾಗುತ್ತಿದ್ದವು. ನಮ್ಮಪ್ಪ ಅಲ್ಲಿದ್ದರು. ಮನೆಯಲ್ಲಿ ಇನ್ನೂ ಒಂದು ಡಬ್ಬ ಇಎಲ್84 ಇದೆ, ರಟ್ಟಿನ ಪೆಟ್ಟಿಗೆ ಕೂಡ ಬಿಚ್ಚಿಲ್ಲ. ಹಾಕಿ ನೋಡುತ್ತೀರಾ? ಬೆಂಗಳೂರಿನ ವಾಲ್ವ್, ಅಮೆರಿಕದ ಆಂಪ್!

ಬೆಸುಗೆ_ಬಂಟ

ಐಡಿಯಾ ಚೆನ್ನಾಗಿದೆ, ಕೂರಲ್ಲ. ಇಎಲ್84 ಒಂಬತ್ತು ಪಿನ್ನಿನ ಚಿಕ್ಕ ಬುಡ. 6ವಿ6 ಎಂಟು ಪಿನ್ನಿನ ದಪ್ಪ ಬುಡ. ಅಡಾಪ್ಟರ್ ಇವೆ, ಆದರೆ ಅದು ಇನ್ನೊಂದು ಮಾಡ್ ಕತೆ. ನಿಮ್ಮ ಡಬ್ಬವನ್ನು ಗುಜರಿಗೆ ಮಾತ್ರ ಹಾಕಬೇಡಿ. ಎಸಿ30 ಥರದ ಆಂಪ್ ಇಟ್ಟುಕೊಂಡವರು ಹುಡುಕಿಕೊಂಡು ಬರುತ್ತಾರೆ.

ಹಳೇರೇಡಿಯೋ

ಮೂರನೇ ಮಹಡಿ, ಎಷ್ಟಿವೆ? ಖಾಸಗಿಯಾಗಿ ಮೆಸೇಜ್ ಮಾಡಪ್ಪ. ಆಂಪ್‌ಗಲ್ಲ, ಒಂದು ರೇಡಿಯೋ ಗ್ರಾಮ್ ಕಾಯುತ್ತಾ ಕೂತಿದೆ.

ಎಡಿಸನ್_ಕನ್ನಡಿಗ

ವೋಲ್ಟೇಜ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪವರ್ ಟ್ರಾನ್ಸ್‌ಫಾರ್ಮರ್ ತೆಗೆದು 230 ವೋಲ್ಟ್‌ನದು ಹಾಕಿಸಿ ಅಂತ ಯಾರಾದರೂ ಹೇಳಬಹುದು. ಒಳ್ಳೆಯ ದಾರಿಯೇ, ಆದರೆ ಅರ್ಜೆಂಟ್ ಇಲ್ಲ. ಒಳಗಿನದು 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ 50 ಹರ್ಟ್ಸ್‌ನಲ್ಲಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. ಅದಕ್ಕೇ ಡಬ್ಬದಿಂದ 120 ಬರಲೇಬೇಕು ಅಂತ ಹಠ ಬೇಡ, 110 ಇದ್ದರೆ ಅದಕ್ಕೂ ಹಿತ. ಬೆಂಗಳೂರಿನಲ್ಲಿ ರಾತ್ರಿ ಮೇನ್ಸ್ 245 ಏರಿದರೆ ಅದೇ ಡಬ್ಬ 117 ಕೊಡುತ್ತದೆ, ನೆನಪಿರಲಿ. ಒಂದು ಗಂಟೆ ನುಡಿಸಿ ಟ್ರಾನ್ಸ್‌ಫಾರ್ಮರ್ ಮೇಲೆ ಕೈ ಇಡಿ. ಕೈ ಇಡಲು ಆಗದಷ್ಟು ಸುಟ್ಟರೆ ಮಾತ್ರ ಯೋಚನೆ.

ಅದಿರಲಿ. ಹಿಂಬದಿಯ ಫೋಟೋ ಈಗ ದೊಡ್ಡದು ಮಾಡಿ ನೋಡಿದೆ. ಎಕ್ಸ್‌ಟೆನ್ಷನ್ ಸ್ಪೀಕರ್ ಜಾಕ್ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಕಪ್ಪು ನಾಬ್ ಇದೆಯಲ್ಲ, ಅದೇನು?

ಜಯನಗರ_ಜ್ಯಾಮ್

ಅದು ಕಂಪನಿಯದೇ ಅಂದುಕೊಂಡೆ. ತಿರುಗಿಸಿದರೆ ಸೌಂಡ್ ಕಮ್ಮಿ ಆಗುತ್ತೆ.

ಬೆಸುಗೆ_ಬಂಟ

😂😂 ನಿಮ್ಮ "ಪೂರ್ತಿ ಒರಿಜಿನಲ್" ಆಂಪ್‌ಗೆ ಆಗಲೇ ಮಾಸ್ಟರ್ ವಾಲ್ಯೂಮ್ ಇದೆ!

ಸುಮ್ನೆ_ಓದ್ತೀನಿ

ಮೂವತ್ತು ಪೋಸ್ಟ್ ಜಗಳ ಆಡಿದ್ದು ಯಾತಕ್ಕೆ ಸ್ವಾಮೀ.

ಕ್ಲೀನ್‌ಟೋನ್_ಕಿಟ್ಟಿ

ಸೌಂಡ್ ಸ್ವರ್ಗ ಅಂದಿದ್ದು ಇದೇ ಆಂಪ್ ಬಗ್ಗೆ ತಾನೇ? ಮಾಡ್ ಆದ ಆಂಪ್ ಬಗ್ಗೆ? ಸುಮ್ನೆ ಕೇಳಿದೆ ಅಷ್ಟೇ.

ಜಯನಗರ_ಜ್ಯಾಮ್

ಹತ್ತು ದಿನ ಆಯಿತು, ವಿಷಯ ತಿಳಿಸಲು ಬಂದೆ.

ಹಳೇರೇಡಿಯೋ ಅಂಕಲ್ ಅಂಗಡಿಗೇ ತಗೊಂಡು ಹೋದೆ. ಗಿಟಾರ್ ಮುಟ್ಟಿಲ್ಲ ಅಂದವರು ಒಳಗೆ ನೋಡಿದ ತಕ್ಷಣ "ಓ, ಇದು ನಮ್ಮದೇ" ಅಂದರು. ಮೊದಲು ಒಂದು ಕೈ ಜೇಬಿಗೆ ಹಾಕಿಕೊಂಡರು. ಇನ್ನೊಂದು ಕೈಯಲ್ಲಿ ರೆಸಿಸ್ಟರ್ ಕಟ್ಟಿದ ತಂತಿ ಹಿಡಿದು ಕೆಪಾಸಿಟರ್‌ಗಳ ಚಾರ್ಜ್ ಒಂದೊಂದಾಗಿ ಇಳಿಸಿದರು. ತಗಡಿನ ಮುಚ್ಚಳದ ಕೆಳಗೆ ಐದರಲ್ಲಿ ಎರಡು ಕೆಪಾಸಿಟರ್ ತುದಿಯಲ್ಲಿ ಉಬ್ಬಿ, ಕಂದು ಅಂಟು ಸೋರಿ ಒಣಗಿತ್ತು, ಹಲಸಿನ ಮೇಣದ ಹಾಗೆ. ಐದನ್ನೂ ಬದಲಿಸಿದರು. ಡೆತ್ ಕ್ಯಾಪ್ ಕತ್ತರಿಸಿದರು, ಮೂರು ಪಿನ್ನಿನ ಹೊಸ ವೈರ್ ಹಾಕಿ ಅರ್ಥನ್ನು ಷಾಸಿಗೆ ಬೇರೆ ಬೋಲ್ಟ್‌ನಲ್ಲಿ ಬಿಗಿದರು. 100 ವಾಟಿನ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಆನ್ ಮಾಡಿದರು. ಬಲ್ಬ್ ಒಮ್ಮೆ ಜೋರಾಗಿ ಉರಿದು ಮಂಕಾಯಿತು. ಆಗ ಅವರ ಮುಖ ನೋಡಬೇಕಿತ್ತು.

ಗುಂಯ್ ಹೋಯಿತು. ದೆವ್ವವೂ ಹೋಯಿತು.

ಇನ್ನು ಆ ನಾಬ್. ಮಾಸ್ಟರ್ ವಾಲ್ಯೂಮೇ. ಉಳಿದ ಸೋಲ್ಡರ್ ಎಲ್ಲ ಅಚ್ಚುಕಟ್ಟು, ಇಲ್ಲಿ ಮಾತ್ರ ಮಂಕಾಗಿ ಉಂಡೆ ಕಟ್ಟಿದೆ. ಆದರೆ ಹೊಸ ತೂತು ಕೊರೆದಿಲ್ಲ. ಜಾಕ್ ತೆಗೆದ ತೂತಿನಲ್ಲೇ ಪಾಟ್ ಕೂರಿಸಿದ್ದಾರೆ, ಎರಡರದೂ ಒಂದೇ ಅಳತೆ. ಅಂಕಲ್ "ಮಾಡಿದವನು ಒರಟ, ಆದ್ರೆ ಬುದ್ಧಿವಂತ" ಅಂದರು.

ಫೋಟೋ ತೆಗೆದು ಮಾವನಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಫೋನ್. "ಅಯ್ಯೋ, ಅದು ನಾನೇ ಹಾಕಿಸಿದ್ದಲ್ವೇನೋ!" 1979ರ ಚಳಿಗಾಲವಂತೆ. ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ, ಇವರು ಗಿಟಾರ್ ಹಿಡಿದರೆ ಪೊರಕೆ ಹಿಡಿಯಿಂದ ಸೂರಿಗೆ ಕುಟ್ಟುತ್ತಿದ್ದರಂತೆ. ಇವರ ರೂಮ್‌ಮೇಟ್ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದುತ್ತಿದ್ದ ಧಾರವಾಡದ ಹುಡುಗ. ಒಂದು ಭಾನುವಾರ ಅಡುಗೆಮನೆಯ ಟೇಬಲ್ ಮೇಲೆ ಬಿಚ್ಚಿ ಹಾಕಿಕೊಟ್ಟನಂತೆ, ಕೂಲಿ ಒಂದು ಊಟ, ಹುಳಿ ಅನ್ನ. ಆ ಸ್ನೇಹಿತರ ವಿಷಯ ಬಂದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಾದರು. ಅವರು ತೀರಿಕೊಂಡು ಆರು ವರ್ಷವಾಯಿತಂತೆ.

ಎಡಿಸನ್_ಕನ್ನಡಿಗ

ಹಳೆ ಜಾಕ್ ಹಾಕಿ ಸ್ಟಾಕ್ ಮಾಡುವುದು ಅರ್ಧ ಗಂಟೆ ಕೆಲಸ. ಜಾಕ್ ಬೇಕಾದರೆ ನಾನು ಕಳಿಸುತ್ತೇನೆ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಮುಟ್ಟುತ್ತಿರಲಿಲ್ಲ.

ಹುಬ್ಬಳ್ಳಿ_ಬ್ಲೂಸ್

ಧಾರವಾಡದಾವ ಅಂದ್ರ ನಮ್ಮಾವ. ಸೋಲ್ಡರ್ ಉಂಡಿ ಅಂತ ಹೆಸರಿಡಬ್ಯಾಡ್ರಿ, ಪೇಢಾ ಅನ್ರಿ.

ಜಯನಗರ_ಜ್ಯಾಮ್

ಮುಟ್ಟಲ್ಲ. ಅಂಕಲ್ ಆ ಪೇಢಾ ಮಾತ್ರ ಒಂದು ಸಲ ಕಾಯಿಸಿ ಸರಿ ಮಾಡಿದ್ದಾರೆ, ಲೂಸ್ ಇತ್ತು. ತೆಗೆದ ಐದು ಕೆಪಾಸಿಟರ್, ಡೆತ್ ಕ್ಯಾಪ್, ಹಳೆ ವೈರ್ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪೆಟ್ಟಿಗೆಯ ಒಳಗೆ ಸ್ಟೇಪಲ್ ಮಾಡಿದ್ದೇನೆ. ವೈಬ್ರೇಟೊ ಚಾನೆಲ್ ಇನ್ನೂ ಸ್ವಲ್ಪ ಚುಚ್ಚುತ್ತದೆ, 47 ಪಿಕೋ ವಿಷಯ ದೀಪಾವಳಿ ಆದಮೇಲೆ ನೋಡೋಣ.

ನಿನ್ನೆ ರಾತ್ರಿ ಒಂಬತ್ತೂವರೆಗೆ ನುಡಿಸುತ್ತಿದ್ದೆ. ಕೆಳಗಿನ ಮನೆಯವರು ಬೆಲ್ ಮಾಡಿದರು. ಹಿಂದೆ ಕೈ ಹಾಕಿ ಆ ನಾಬ್ ಇಳಿಸಿದೆ.

ಬೆಸುಗೆ_ಬಂಟ

ಬಯಾಸ್, ಅಂದ್ರೆ ಪವರ್ ವಾಲ್ವ್‌ಗಳ ಕರೆಂಟ್ ಸೆಟ್ಟಿಂಗ್, ಚೆಕ್ ಮಾಡಿಸಿದ್ರಾ?

ಜಯನಗರ_ಜ್ಯಾಮ್

…ಇಲ್ಲ.

ಹಳೇರೇಡಿಯೋ

ಸೋಮವಾರ ತಗೊಂಡು ಬಾ. ಬರುವಾಗ ಮೂರನೇ ಮಹಡಿಯವರ ಮನೆಗೆ ಹೋಗಿ ಆ ಡಬ್ಬ ಇಸ್ಕೊಂಡು ಬಾ.

ಯಜ್ದಿ_ಸವಾರ

ಫೋಟೋ ಹಾಕ್ಲಾ ಅಂತ ಕೇಳಿದ್ದೆ. ಯಾರೂ ಏನೂ ಹೇಳಲಿಲ್ಲ.